ಮರದ ಬಳ್ಳಿ, ಕಲ್ಲಿನ ಬಳ್ಳಿ

ಅಹಮದಾಬಾದಿನ ಹಳೆಯ ಊರನ್ನು ನಡೆಸಿಕೊಂಡು ತೋರಿಸುವ ಪರಿಪಾಠ 1997ರ ನವೆಂಬರ್ 19ರಂದು, ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ, ಶುರುವಾಯಿತು. ಮಹಾನಗರಪಾಲಿಕೆಯೇ ಮುಂದೆ ನಿಂತು ಮಾಡಿದ ಏರ್ಪಾಡು ಅದು. ಬೆಳಿಗ್ಗೆ ಎಂಟರ ಸುಮಾರಿಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದ ಅಂಗಳದಲ್ಲಿ ಜನ ಸೇರುತ್ತಾರೆ. ಮಾರ್ಗದರ್ಶಿ ಅವರನ್ನು ಓಣಿ, ಒಳಓಣಿಗಳಲ್ಲಿ ಹಾಯಿಸಿ, ಎರಡೂವರೆ ಗಂಟೆಯ ಹೊತ್ತಿಗೆ ಜಾಮಾ ಮಸೀದಿಗೆ ತಂದು ನಿಲ್ಲಿಸುತ್ತಾರೆ. ಮಂದಿರದಿಂದ ಮಸೀದಿಗೆ ನೇರ ರಸ್ತೆ ಹಿಡಿದರೆ ಅರ್ಧ ಗಂಟೆಯ ನಡಿಗೆಯೂ ಅಲ್ಲ. ಉಳಿದ ಹೊತ್ತೆಲ್ಲ ನಿಂತು ನೋಡುವುದಕ್ಕೇ ಹೋಗುತ್ತದೆ. ಹಾಗೆ ನಿಲ್ಲಿಸಿ ತೋರಿಸುವುದರಲ್ಲೇ ಈ ನಡಿಗೆಯ ಜೀವ ಇದೆ.

ಒಂದೇ ಹಗಲಿನಲ್ಲಿ ಊರು ನೋಡಬೇಕೆನ್ನುವವರು ಸಾಮಾನ್ಯವಾಗಿ ಗಾಂಧಿ ಆಶ್ರಮದಿಂದ ಶುರುಮಾಡಿ, ಅಡಾಲಜ್‌ನ ಬಾವಿ ನೋಡಿ, ಸಂಜೆ ಹೊತ್ತು ಉಳಿದರೆ ಹಳೆಯ ಊರಿಗೆ ಬರುತ್ತಾರೆ. ಅದನ್ನು ತಿರುವುಮುರುವು ಮಾಡುವುದೇ ಸರಿ. ಮೊದಲು ಮನೆಗಳನ್ನು ನೋಡಬೇಕು, ಆಮೇಲೆ ಸ್ಮಾರಕಗಳನ್ನು. ಮನೆಯ ಬೋದಿಗೆಯಲ್ಲಿ ಮರದಲ್ಲಿ ಕೆತ್ತಿದ ಬಳ್ಳಿ ಒಮ್ಮೆ ಕಣ್ಣಿಗೆ ಹತ್ತಿತೆಂದರೆ, ಅದೇ ಬಳ್ಳಿ ಮುಂದೆ ಮಸೀದಿಯ ಮಿನಾರಿನ ಬುಡದಲ್ಲಿ, ಬಸದಿಯ ಕಂಬದಲ್ಲಿ, ಬಾವಿಯ ಗೋಡೆಯಲ್ಲಿ ತಾನಾಗಿ ಕಾಣತೊಡಗುತ್ತದೆ. ಈ ಊರನ್ನು ಕಟ್ಟಿಸಿದವರ ದೇವರು ಬೇರೆಬೇರೆ. ಕೆತ್ತಿದ ಕೈಗಳ ಪಾಠ ಮಾತ್ರ ಒಂದೇ. ಒಳ್ಳೆಯ ಮಾರ್ಗದರ್ಶಿ ದಿನವಿಡೀ ತೋರಿಸುವುದು ಇದನ್ನೇ.

ಗುಜರಾತಿನ ಸುಲ್ತಾನ ಒಂದನೇ ಅಹಮದ್ ಶಾ 1411ರಲ್ಲಿ ಸಾಬರಮತಿಯ ಪೂರ್ವದಂಡೆಯಲ್ಲಿ ಈ ನಗರಕ್ಕೆ ಅಡಿಪಾಯ ಹಾಕಿದ. ಪಾಟಣದಲ್ಲಿದ್ದ ರಾಜಧಾನಿ ಇಲ್ಲಿಗೆ ಬಂತು. ಅದಕ್ಕೂ ಮೊದಲು ಇದೇ ದಂಡೆಯ ಮೇಲೆ ಆಶಾವಲ್ ಎಂಬ ಊರಿತ್ತು; ಹನ್ನೊಂದನೇ ಶತಮಾನದಲ್ಲಿ ಚೌಲುಕ್ಯ ದೊರೆ ಕರ್ಣ ಅದನ್ನು ಗೆದ್ದು ಕರ್ಣಾವತಿಯನ್ನು ನೆಲೆಗೊಳಿಸಿದ. ಇಲ್ಲಿ ಕನ್ನಡಿಗರ ಕಿವಿ ನಿಮಿರಬೇಕು. ಕರ್ಣನ ಪಟ್ಟದರಸಿ ಮಯಣಲ್ಲದೇವಿ ಗೋವೆಯ ಕದಂಬರ ಜಯಕೇಶಿಯ ಮಗಳು. ಗುಜರಾತಿನ ಜನ ಅವಳನ್ನು ಮೀನಳದೇವಿ ಎಂದು ಕರೆದು ಇಂದಿಗೂ ನೆನೆಯುತ್ತಾರೆ. ಧೋಳಕಾದ ಮಲಾವ್ ಕೆರೆ, ವೀರಮಗಾಮದ ಮುನ್ಸರ್ ಕೆರೆ ಅವಳು ಕಟ್ಟಿಸಿದವು ಎಂಬ ನಂಬಿಕೆ ಇದೆ. ಅವಳ ಮಗನೇ ಸಿದ್ಧರಾಜ ಜಯಸಿಂಹ. ಕರ್ಣನ ಆಸ್ಥಾನದಲ್ಲಿ ‘ಕರ್ಣಸುಂದರೀ’ ನಾಟಕ ಬರೆದ ಕಾಶ್ಮೀರದ ಕವಿ ಬಿಲ್ಹಣ ಅಲ್ಲಿಂದ ಮುಂದೆ ದಕ್ಷಿಣಕ್ಕೆ ಬಂದು, ಕಲ್ಯಾಣದ ಆರನೇ ವಿಕ್ರಮಾದಿತ್ಯನ ವಿದ್ಯಾಪತಿಯಾಗಿ ‘ವಿಕ್ರಮಾಂಕದೇವಚರಿತ’ ರಚಿಸಿದ. ಸಾಬರಮತಿಯ ದಂಡೆಗೂ ಬಸವಕಲ್ಯಾಣಕ್ಕೂ ಒಂಬತ್ತು ಶತಮಾನದ ಹಿಂದೆಯೇ ಹೋಗಿಬರುವ ದಾರಿ ಇತ್ತು.

ನಡಿಗೆ ಹೊರಡುವ ಸ್ವಾಮಿನಾರಾಯಣ ಮಂದಿರ ಹೆಚ್ಚು ಹಳೆಯದಲ್ಲ, 1822ರದು. ಆ ಸಂಪ್ರದಾಯದ ಮೊಟ್ಟಮೊದಲ ಮಂದಿರ ಎಂಬ ಹೆಗ್ಗಳಿಕೆ ಅದಕ್ಕಿದೆ. ಕಟ್ಟಡದ ಬಹುಪಾಲು ಬರ್ಮಾ ತೇಗ. ಕಂಬದ ನೆತ್ತಿಯಿಂದ ಸೂರಿನವರೆಗೆ ಚಾಚಿದ ಬೋದಿಗೆಗಳಿಗೆಲ್ಲ ಹಸಿರು, ಕೆಂಪು, ಹಳದಿಯ ಗಾಢ ಬಣ್ಣ ಬಳಿದಿದೆ. ಮೊದಲ ನೋಟಕ್ಕೆ ಬಣ್ಣವೇ ಕಣ್ಣು ತುಂಬುತ್ತದೆ. ಬೆಳಗಿನ ಆರತಿಗೆ ಬಂದವರ ನಡುವೆ ಸ್ವಲ್ಪ ಹೊತ್ತು ತಲೆ ಎತ್ತಿ ನಿಂತರೆ ಬಣ್ಣದ ಕೆಳಗಿನ ಉಳಿಯ ಕೆಲಸ ಗೊತ್ತಾಗುತ್ತದೆ: ಒಂದು ಹೂವಿನಿಂದ ಹೊರಟ ಬಳ್ಳಿ ತನ್ನ ಸುತ್ತ ತಾನೇ ಸುತ್ತಿ, ಎಲೆ ಬಿಟ್ಟು, ಮತ್ತೆ ಇನ್ನೊಂದು ಹೂವಾಗಿ ನಿಲ್ಲುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು.

ಮಂದಿರದಿಂದ ರಸ್ತೆಗಿಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಪೋಳ್‌ಗಳ ಲೋಕ ಎದುರಾಗುತ್ತದೆ. ಪೋಳ್ ಎಂದರೆ ಒಂದೇ ಬಾಗಿಲಿನ ಕೇರಿ. ಬಾಗಿಲು ದಾಟಿದರೆ ಒಂದು ಓಣಿ. ಓಣಿಯಿಂದ ಕವಲೊಡೆದ ಖಡಕಿಗಳೆಂಬ ಒಳಓಣಿಗಳು. ಅಲ್ಲಲ್ಲಿ ನಾಲ್ಕು ಜನ ಸೇರುವಷ್ಟು ತೆರಪಾದ ಚೌಕ. ಒಂದೇ ಕುಲಕಸುಬಿನವರೋ ಒಂದೇ ಮತದವರೋ ಒತ್ತಾಗಿ ನೆಲೆಸಿ ಬೆಳೆಸಿದ ವಠಾರಗಳು ಇವು. ರಾತ್ರಿ ಹೆಬ್ಬಾಗಿಲು ಹಾಕಿದರೆ ಇಡೀ ಪೋಳ್ ಒಂದು ಮನೆ. ಬಾಗಿಲ ಮೇಲಿನ ಪುಟ್ಟ ಕೋಣೆಯಲ್ಲಿ ಕಾವಲಿನವನಿರುತ್ತಿದ್ದ. ಗಲಾಟೆ, ದಂಗೆಯ ಕಾಲಕ್ಕೆಂದು ಒಂದು ಮನೆಯಿಂದ ಇನ್ನೊಂದು ಓಣಿಗೆ ತಪ್ಪಿಸಿಕೊಳ್ಳುವ ಗುಪ್ತದಾರಿಗಳೂ ಇದ್ದವು. ಕೆಲವು ಈಗಲೂ ಇವೆ. ಹೊರಗಿನವರಿಗೆ ಗೋಡೆಯೆಂದೇ ತೋರುವ ಕಡೆ ಮಾರ್ಗದರ್ಶಿ ಒಂದು ಬಾಗಿಲು ತಳ್ಳಿ ಒಳಗೆ ಕರೆದೊಯ್ದು, ಎರಡು ತಿರುವು ದಾಟಿಸಿ, ಬೇರೆಯದೇ ಪೋಳ್‌ನಲ್ಲಿ ಹೊರಗೆ ತರುತ್ತಾರೆ. ನಕ್ಷೆ ಹಿಡಿದು ಒಬ್ಬರೇ ಬಂದವರಿಗೆ ಇದು ಸಿಗುವುದಿಲ್ಲ.

ಲಾಂಬೇಶ್ವರದ ಪೋಳ್‌ನಲ್ಲಿ ಗುಜರಾತಿ ಕವಿ ದಲಪತರಾಮರ ಚೌಕವಿದೆ. 1820ರಲ್ಲಿ ಹುಟ್ಟಿ 1898ರಲ್ಲಿ ತೀರಿಕೊಂಡ ಈ ಕವಿ, ‘ರಾಸಮಾಲಾ’ ಬರೆದ ಅಲೆಕ್ಸಾಂಡರ್ ಕಿನ್‌ಲಾಕ್ ಫೋರ್ಬ್ಸ್‌ಗೆ ಗುಜರಾತಿನ ಭಾಟರು, ಚಾರಣರು ಹಾಡುತ್ತಿದ್ದ ಕಥನಗಳನ್ನು ಸಂಗ್ರಹಿಸಲು ನೆರವಾದವರು. 1848ರಲ್ಲಿ ಫೋರ್ಬ್ಸ್ ಸ್ಥಾಪಿಸಿದ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯಲ್ಲಿ ದುಡಿದವರು. ಕವಿಯ ಮನೆ ಉಳಿದಿಲ್ಲ. ಅದರ ಮುಂಭಾಗವನ್ನು ಮತ್ತೆ ಕಟ್ಟಿ, ಜಗಲಿಯ ಮೇಲೆ ಕವಿಯ ಕಂಚಿನ ಪ್ರತಿಮೆಯನ್ನು ಕೂರಿಸಿದ್ದಾರೆ. ಪೀಠವಿಲ್ಲ, ಬೇಲಿಯಿಲ್ಲ, ಬಂದವರು ಪಕ್ಕದಲ್ಲಿ ಕೂರಬಹುದು, ಮಕ್ಕಳು ತೊಡೆಯೇರಬಹುದು. ಕವಿಗೊಂದು ಸ್ಮಾರಕ ಬೇಕೆಂದರೆ ಹೀಗಿರಬೇಕು.

ಚೌಕದ ನಡುವೆ ಕಂಬದ ಮೇಲೆ ನಿಂತ ಪುಟ್ಟ ಮಂಟಪವೇ ಚಬೂತರೋ, ಹಕ್ಕಿಗಳಿಗೆ ಕಾಳು ನೀರು ಇಡುವ ಜಾಗ. ಕೆಲವು ಮರದವು, ಕೆಲವು ಕಲ್ಲಿನವು. ಬೆಕ್ಕಿಗೆ ಎಟುಕದ ಎತ್ತರ, ಸುತ್ತ ಕೂರಲು ಅಂಚು, ಮೇಲೆ ಮಳೆಬಿಸಿಲಿಗೆ ಮಾಡು. ಜೈನರ, ವೈಷ್ಣವರ ಜೀವದಯೆ ಇಲ್ಲಿ ಕಟ್ಟಡದ ರೂಪ ತಾಳಿದೆ. ಕಾಳಿನ ಖರ್ಚನ್ನು ಪೋಳ್‌ನವರೇ ಹೊರುತ್ತಾರೆ. ದೇವಸ್ಥಾನದ ಕಂಬಕ್ಕೆ ಎಷ್ಟು ಕೆತ್ತನೆಯೋ ಗುಬ್ಬಿ ಗಿಳಿಗಳು ಕೂರುವ ಕಂಬಕ್ಕೂ ಅಷ್ಟೇ ಕೆತ್ತನೆ. ಇದನ್ನು ನೋಡಿದ ಮೇಲೆ ಈ ಊರಿನ ವರ್ತಕರ ಶ್ರೀಮಂತಿಕೆಯ ಬಗ್ಗೆ ಗೌರವ ಮೂಡದೆ ಇರದು.

ಚಬೂತರೋ ತಲೆಯ ಮೇಲಿದ್ದರೆ ಟಾಂಕು ಕಾಲ ಕೆಳಗಿದೆ. ಹಳೆಯ ಮನೆಗಳಲ್ಲಿ ಜಗಲಿ ದಾಟಿ ಒಳಗೆ ಹೋದರೆ ನಡುವೆ ತೆರೆದ ಅಂಗಳ ಸಿಗುತ್ತದೆ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಆ ಅಂಗಳದ ಅಡಿಯಲ್ಲಿ ಇಟ್ಟಿಗೆ ಗಾರೆಯಿಂದ ಕಟ್ಟಿದ ನೆಲಮಾಳಿಗೆಯಂಥ ತೊಟ್ಟಿ ಇರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಡು ತೊಳೆದ ಮೇಲೆ ಬಿದ್ದ ನೀರನ್ನು ಕೊಳವೆಯ ಮೂಲಕ ಒಳಗೆ ತಿರುಗಿಸುತ್ತಾರೆ. ಬೆಳಕು ಒಳಗೆ ಹೋಗದ್ದರಿಂದ ಪಾಚಿ ಕಟ್ಟುವುದಿಲ್ಲ. ಸುಣ್ಣ ನೀರನ್ನು ಕೆಡದಂತೆ ಕಾಯುತ್ತದೆ. ಅಂಗಳದ ಮೂಲೆಯಲ್ಲಿ ಲೋಹದ ಮುಚ್ಚಳವೊಂದೇ ಕಾಣುವುದು. ಅದನ್ನೆತ್ತಿ, ಹಗ್ಗಕ್ಕೆ ಕಟ್ಟಿದ ತಾಮ್ರದ ಕೊಡ ಇಳಿಸಿ ಸೇದಿದರೆ ವರ್ಷವಿಡೀ ಕುಡಿಯುವ ಸಿಹಿನೀರು. ಕೆಲವು ಮನೆಗಳವರು ಅಡುಗೆಗೆ, ಪೂಜೆಗೆ ಇಂದಿಗೂ ಈ ನೀರನ್ನೇ ಬಳಸುತ್ತಾರೆ. ಮಳೆನೀರು ಕೊಯ್ಲಿನ ಬಗ್ಗೆ ಸರ್ಕಾರಗಳು ಈಗ ಹೇಳುತ್ತಿರುವುದೆಲ್ಲ ಈ ಮನೆಗಳ ನೆಲದಡಿಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಮನೆಗಳ ಗೋಡೆಯನ್ನು ಹತ್ತಿರ ನಿಂತು ನೋಡಬೇಕು. ಇಟ್ಟಿಗೆಯ ಕೆಲವು ವರಸೆಗೊಮ್ಮೆ ಅಡ್ಡಲಾಗಿ ಒಂದು ಮರದ ಪಟ್ಟಿ ಹಾದುಹೋಗಿರುತ್ತದೆ. ಕಂಬ, ತೊಲೆ, ಜಂತೆ ಎಲ್ಲ ಒಂದಕ್ಕೊಂದು ಬೆಸೆದುಕೊಂಡ ಚೌಕಟ್ಟು. ಇಟ್ಟಿಗೆ ಅದರ ನಡುವೆ ತುಂಬಿದ್ದಷ್ಟೆ. ನೆಲ ಅಲುಗಿದರೆ ಮನೆ ಒಟ್ಟಾಗಿ ಓಲಾಡುತ್ತದೆ, ಬಿರಿದು ಬೀಳುವುದಿಲ್ಲ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪವಾದಾಗ ನದಿಯ ಆಚೆ ದಂಡೆಯ ಹೊಸ ಬಡಾವಣೆಗಳಲ್ಲಿ ಎಷ್ಟೋ ಬಹುಮಹಡಿ ಕಟ್ಟಡಗಳು ನೆಲಸಮವಾದವು, ನೂರಾರು ಜನ ಸತ್ತರು. ಪೋಳ್‌ಗಳ ಮರದ ಮನೆಗಳು ಬಹುಪಾಲು ನಿಂತವು. ಅದೇ ಭೂಕಂಪಕ್ಕೆ ರಿಲೀಫ್ ರಸ್ತೆಯಲ್ಲಿದ್ದ ಕ್ಯಾಲಿಕೋ ಡೋಮ್, ಗೌತಮ್ ಮತ್ತು ಗಿರಾ ಸಾರಾಭಾಯಿ 1960ರ ದಶಕದಲ್ಲಿ ಕಟ್ಟಿಸಿದ್ದ ಆಧುನಿಕ ಗುಮ್ಮಟ, ಕುಸಿಯಿತು. ಅದಿದ್ದ ಜಾಗ ನಡಿಗೆಯ ದಾರಿಯಲ್ಲೇ ಇದೆ.

ಹಾಜಾ ಪಟೇಲರ ಪೋಳ್‌ನ ಕಾಲಾ ರಾಮಜಿ ಮಂದಿರದಲ್ಲಿ ಕರಿಕಲ್ಲಿನ ರಾಮ ಕುಳಿತಿದ್ದಾನೆ. ಬಿಲ್ಲು ಹಿಡಿದು ನಿಂತ ರಾಮನನ್ನೇ ಕಂಡು ರೂಢಿಯಾದವರಿಗೆ ಈ ರಾಮ ಅಪರೂಪ. ಹೊರಗಿನಿಂದ ಅದೂ ಒಂದು ಮನೆಯೇ. ಜೈನರ ದೇರಾಸರಗಳದೂ ಇದೇ ಬಗೆ: ಓಣಿಯಿಂದ ನೋಡಿದರೆ ಮನೆಯ ಬಾಗಿಲು, ಒಳಗೆ ಕಾಲಿಟ್ಟರೆ ಅಮೃತಶಿಲೆಯ ಬಸದಿ. ಕೆಲವಕ್ಕೆ ಮೂರ್ತಿಗಳನ್ನು ಜೋಪಾನವಾಗಿಡುವ ನೆಲಮಾಳಿಗೆಯೂ ಉಂಟು. ಬಸದಿಗಳನ್ನು ಹೀಗೆ ಮನೆಗಳ ಸಾಲಿನಲ್ಲಿ ಬಚ್ಚಿಟ್ಟುಕೊಂಡ ಊರಿನ ಆತಂಕವನ್ನೂ ನೋಡುವವರು ಅರ್ಥಮಾಡಿಕೊಳ್ಳಬೇಕು.

ಈ ದಾರಿಯಲ್ಲೇ ಹರಕುಂವರ್ ಶೇಠಾಣಿಯ ಹವೇಲಿ ಬರುತ್ತದೆ. ಹಠೀಸಿಂಗ್ ಕೇಸರಿಸಿಂಗ್ ಎಂಬ ವರ್ತಕ ದಿಲ್ಲಿ ದರವಾಜೆಯ ಹೊರಗೆ ಹದಿನೈದನೇ ತೀರ್ಥಂಕರ ಧರ್ಮನಾಥನಿಗೆ ಬಸದಿ ಕಟ್ಟಿಸಲು ಹೊರಟು, ನಡುವೆಯೇ ತೀರಿಕೊಂಡ. ಹೆಂಡತಿ ಹರಕುಂವರ್ ಕೆಲಸವನ್ನು ಕೈಗೆತ್ತಿಕೊಂಡು 1848ರಲ್ಲಿ ಮುಗಿಸಿದಳು. ಸುತ್ತ 52 ಕಿರುಗುಡಿಗಳ ಆ ಬಿಳಿಯ ಬಸದಿ ಊರಿನ ಹೆಮ್ಮೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಒಬ್ಬ ವಿಧವೆ ಅಷ್ಟು ದೊಡ್ಡ ಕೆಲಸದ ಯಜಮಾನಿಕೆ ನಡೆಸಿದಳೆಂಬುದನ್ನು ಹವೇಲಿಯ ಕೆತ್ತನೆಯ ಬೋದಿಗೆಗಳಡಿ ನಿಂತು ಕೇಳುವುದಕ್ಕೆ ಬೇರೆಯೇ ತೂಕವಿದೆ. ಅದೇ ಹಠೀಸಿಂಗ್ ಮನೆತನದ ಮಗನಭಾಯಿ 1881ರಲ್ಲಿ ಅಮೆರಿಕದ ಅಲಂಕಾರ ಕಲಾವಿದ ಲಾಕ್‌ವುಡ್ ಡಿ ಫಾರೆಸ್ಟ್ ಜತೆ ಸೇರಿ ಮರಗೆತ್ತನೆಯ ಕಾರ್ಖಾನೆ ತೆರೆದ. ಮರದ ಮನೆ ಕಟ್ಟಿಸುವವರು ಕಡಿಮೆಯಾಗುತ್ತಿದ್ದ ಕಾಲದಲ್ಲಿ ಪೋಳ್‌ಗಳ ಕುಶಲ ಬಡಗಿಗಳಿಗೆ ಅದರಿಂದ ಕೆಲಸ ಸಿಕ್ಕಿತು. ನ್ಯೂಯಾರ್ಕಿನಲ್ಲಿ ಆಂಡ್ರ್ಯೂ ಕಾರ್ನೆಗಿಯ ಮಹಲಿನ ಗ್ರಂಥಾಲಯಕ್ಕೆ ಹೊದಿಸಿದ ತೇಗದ ಕೆತ್ತನೆಯ ಹಲಗೆಗಳು ಅಹಮದಾಬಾದಿನವು. ಅಲ್ಲಿನ ಪೂರ್ವ ಹತ್ತನೇ ಬೀದಿಯ ಒಂದು ಮನೆಯ ಮುಂದೆ, ಡಿ ಫಾರೆಸ್ಟ್ ತನಗಾಗಿ ಕಟ್ಟಿಸಿಕೊಂಡ ಮನೆ ಅದು, ಈ ಊರಿನ ಕೆತ್ತನೆಯ ಕಿಟಕಿ ಈಗಲೂ ಹೊರಚಾಚಿ ನಿಂತಿದೆ.

ಕೆತ್ತನೆ ಊರು ಬಿಟ್ಟು ಹೋದದ್ದು ಹೀಗೆ ಗೌರವದಿಂದ ಮಾತ್ರವಲ್ಲ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಮನೆತನಗಳು ನದಿಯಾಚೆಯ ಹೊಸ ಬಡಾವಣೆಗಳಿಗೆ ಹೋದವು. ಕಾರು ಹೋಗದ ಓಣಿ, ಮತ್ತೆಮತ್ತೆ ನಡೆದ ಕೋಮುಗಲಭೆ, ಪಾಲುದಾರರು ಹೆಚ್ಚಿ ಯಾರೂ ರಿಪೇರಿಗೆ ಕೈಹಾಕದ ಸ್ಥಿತಿ, ಎಲ್ಲವೂ ಸೇರಿ ಮನೆಗಳು ಬೀಗ ಕಂಡವು. ಕೆಲವು ಗೋದಾಮುಗಳಾದವು. ಕಂಬ, ಬೋದಿಗೆ, ಬಾಗಿಲವಾಡಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಪಾಲಾದವು. 2017ರ ಜುಲೈನಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಪಟ್ಟಿಗೆ ಸೇರಿಸಿತು. ಭಾರತದ ಮೊದಲ ನಗರ ಇದೇ. ಜೈಪುರ ಬಂದದ್ದು ಎರಡು ವರ್ಷದ ಮೇಲೆ. ಆ ಪದವಿ ಸಿಕ್ಕಿದ್ದು ಮಸೀದಿ ಮಂದಿರಗಳಷ್ಟೇ ಈ ಮನೆಗಳಿಗಾಗಿ. ಆದರೆ ಫಲಕ ಹಾಕಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಒಳಗೆ ಒಲೆ ಉರಿಯಬೇಕು, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಬೇಕು. ಈಗ ಕೆಲವರು ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳಿಗೆ ಕೋಣೆ ಕೊಡುತ್ತಿದ್ದಾರೆ. ಸಂಕ್ರಾಂತಿಯ ಉತ್ತರಾಯಣಕ್ಕೆ ಮಾತ್ರ ಊರು ಬಿಟ್ಟವರೂ ಹಳೆಯ ಮಾಳಿಗೆಗಳಿಗೆ ಗಾಳಿಪಟ ಹಾರಿಸಲು ಬರುತ್ತಾರೆ. ಪರಂಪರೆಗೆಂದು ಕೊಡುವ ದುಡ್ಡಿನಲ್ಲಿ ಮೊದಲ ಪಾಲು ಇಲ್ಲಿ ಇನ್ನೂ ಬಾಳುತ್ತಿರುವವರ ಮಾಡಿನ ರಿಪೇರಿಗೆ ಹೋಗಬೇಕು, ಬೀದಿದೀಪದ ಅಲಂಕಾರಕ್ಕಲ್ಲ.

ಫರ್ನಾಂಡಿಸ್ ಸೇತುವೆಯ ಕೆಳಗಿನ ಪುಸ್ತಕದಂಗಡಿಗಳನ್ನು ದಾಟಿ ದಾರಿ ಮಾಣೆಕ್ ಚೌಕ್‌ಗೆ ಬೀಳುತ್ತದೆ. ಮಾಣೆಕನಾಥ ಎಂಬ ಸಾಧುವಿನ ಹೆಸರು ಅದಕ್ಕೆ. ಅಹಮದ್ ಶಾ ಕೋಟೆ ಕಟ್ಟಿಸುತ್ತಿದ್ದಾಗ ಈ ಸಾಧು ಹಗಲೆಲ್ಲ ಚಾಪೆ ಹೆಣೆದು ರಾತ್ರಿ ಬಿಚ್ಚುತ್ತಿದ್ದನಂತೆ, ಅವನು ಬಿಚ್ಚಿದ ಹಾಗೆ ಹಗಲು ಕಟ್ಟಿದ ಗೋಡೆಯೂ ಬೀಳುತ್ತಿತ್ತಂತೆ. ಬೆಳಗಿನಲ್ಲಿ ಇಲ್ಲಿ ದನಗಳಿಗೆ ಹುಲ್ಲು ಹಾಕುತ್ತಾರೆ. ಹೊತ್ತೇರಿದರೆ ಇದು ಚಿನ್ನಬೆಳ್ಳಿಯ ಪೇಟೆ. 1894ರಲ್ಲಿ ಆರಂಭವಾದ ಅಹಮದಾಬಾದ್ ಷೇರುಪೇಟೆಯ ಹಳೆಯ ಕಟ್ಟಡ ಇಲ್ಲೇ ಇದೆ. ಒಂದು ಬದಿಗೆ ಸುಲ್ತಾನರ ಗೋರಿಗಳ ಬಾದಶಾಹ ನೋ ಹಜೀರೋ, ಇನ್ನೊಂದು ಬದಿಗೆ ರಾಣಿಯರ ಗೋರಿಗಳ ರಾಣಿ ನೋ ಹಜೀರೋ. ರಾಣಿಯರ ಗೋರಿಗಳ ಸುತ್ತಲ ಸಂದಿಯಲ್ಲಿ ನವರಾತ್ರಿಯ ಗರಬಾಕ್ಕೆ ಉಡುವ ಚಣಿಯಾ ಚೋಳಿ, ಕನ್ನಡಿ ಕಸೂತಿ, ಬೆಳ್ಳಿಬಣ್ಣದ ಒಡವೆಗಳ ಅಂಗಡಿಗಳು ತುಂಬಿವೆ. ಹೆಂಗಸರು ಚೌಕಾಸಿ ಮಾಡುವ ಆ ಗದ್ದಲದ ಹಿಂದೆಯೇ ಕಲ್ಲಿನ ಜಾಲಂಧ್ರಗಳ ಪ್ರಾಕಾರವಿದೆ.

ಜಾಮಾ ಮಸೀದಿ ಮುಗಿದದ್ದು 1424ರಲ್ಲಿ. ವಿಶಾಲವಾದ ಅಂಗಳ, ನಡುವೆ ವಜೂ ಮಾಡುವ ಕೊಳ, ಪಶ್ಚಿಮಕ್ಕೆ 260 ಕಂಬಗಳ ಮೇಲೆ ನಿಂತ 15 ಗುಮ್ಮಟಗಳ ಸಭಾಂಗಣ. ಒಳಗೆ ಬಂದರೆ ಹೊಯ್ಸಳರ, ಚಾಲುಕ್ಯರ ನವರಂಗಗಳಲ್ಲಿ ಓಡಾಡಿದವರಿಗೆ ಕಂಬಗಳ ಈ ಕಾಡು ಅಪರಿಚಿತವೆನಿಸದು. ಮುಖ್ಯ ಕಮಾನಿನ ಎರಡೂ ಬದಿಗೆ ಎತ್ತರದ ಮಿನಾರುಗಳಿದ್ದವು. ಮೇಲ್ಭಾಗ 1819ರ ಭೂಕಂಪಕ್ಕೆ ಬಿತ್ತು. ಬುಡಗಳು ಹಾಗೇ ಉಳಿದಿವೆ, ನಿಂತು ನೋಡಬೇಕಾದ್ದು ಅವನ್ನೇ. ದೇವಾಲಯದ ಅಧಿಷ್ಠಾನದಂತೆ ಪಟ್ಟಿಯ ಮೇಲೆ ಪಟ್ಟಿ. ನಡುವೆ ಕಿರುಗೋಪುರ ಹೊತ್ತ ಗೂಡು. ಗುಡಿಯಲ್ಲಾಗಿದ್ದರೆ ಆ ಗೂಡಿನಲ್ಲಿ ದೇವತೆ ಇರಬೇಕಿತ್ತು. ಇಲ್ಲಿ ಇರುವುದು ಬಳ್ಳಿ. ಬೆಳಿಗ್ಗೆ ಸ್ವಾಮಿನಾರಾಯಣ ಮಂದಿರದ ತೇಗದಲ್ಲಿ ಕಂಡ ಅದೇ ಸುತ್ತು, ಅದೇ ಎಲೆ. ಮೂರ್ತಿ ಕೆತ್ತಬೇಡ ಎಂದಾಗ ಶಿಲ್ಪಿ ಕೈ ಕಟ್ಟಿ ಕೂರಲಿಲ್ಲ. ತನಗೆ ಗೊತ್ತಿದ್ದ ಗೂಡನ್ನು ಹಾಗೇ ಇಟ್ಟು, ತನಗೆ ಗೊತ್ತಿದ್ದ ಬಳ್ಳಿಯನ್ನು ಅದರೊಳಗೆ ಬೆಳೆಸಿದ. ಬೆಳಗಿನ ನಡಿಗೆ ಇಲ್ಲಿ ಮುಗಿಯುತ್ತದೆ.

ಊಟ ಮುಗಿಸಿ ಲಾಲ್ ದರವಾಜೆಯ ಕಡೆಗೆ ಹೋದರೆ ಸೀದಿ ಸೈಯದ್ ಮಸೀದಿ. ಗುಜರಾತಿನ ಸುಲ್ತಾನರ ಕೊನೆಗಾಲದಲ್ಲಿ, ಅಕ್ಬರ್ ಈ ನಾಡನ್ನು ಗೆದ್ದ 1572-73ರ ಹೊತ್ತಿಗೆ ಕಟ್ಟಿದ್ದು. ಕಟ್ಟಿಸಿದವನು ಆಫ್ರಿಕದ ಅಬಿಸೀನಿಯ ಮೂಲದ ಸೀದಿ. ಕಡಲು ದಾಟಿ ಬಂದ ಅದೇ ಆಫ್ರಿಕದ ಮೂಲದವರು ನಮ್ಮ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲೂ ಸಿದ್ದಿಗಳೆಂಬ ಹೆಸರಿನಲ್ಲಿ ಶತಮಾನಗಳಿಂದ ಬಾಳುತ್ತಿದ್ದಾರೆ. ಮಸೀದಿ ಚಿಕ್ಕದು, ಸುತ್ತ ವಾಹನಗಳ ಭರಾಟೆ. ಹಿಂಗೋಡೆಯ ಅರ್ಧಚಂದ್ರಾಕಾರದ ಕಮಾನುಗಳಲ್ಲಿ ಕೂರಿಸಿದ ಕಲ್ಲಿನ ಜಾಲಿಗಳಿಗಾಗಿ ಜಗತ್ತು ಇಲ್ಲಿಗೆ ಬರುತ್ತದೆ.

ಕೆಲವು ಜಾಲಿಗಳು ಚೌಕಚೌಕದ ಕಲ್ಲುಗಳನ್ನು ಜೋಡಿಸಿದ ರೇಖಾವಿನ್ಯಾಸಗಳು. ಎರಡು ಮಾತ್ರ ಮರಗಳು. ಹೆಸರಾದ ಜಾಲಿಯಲ್ಲಿ ಒಂದು ಮರ ಬುಡದಿಂದ ಎದ್ದು ಕೊಂಬೆಗಳನ್ನು ಕಮಾನಿನ ತುಂಬ ಹರಡಿ, ಬಾಗಿ, ಒಂದರ ಮೇಲೊಂದು ಹಾದು ತುದಿಯಲ್ಲಿ ಸುರುಳಿಯಾಗುತ್ತದೆ. ಕೊಂಬೆಗಳ ನಡುವೆ ತಾಳೆಮರ ತಲೆಯೆತ್ತಿದೆ. ಕಲ್ಲು ಎಲ್ಲಿ ಮುಗಿದು ಬಯಲು ಎಲ್ಲಿ ಶುರುವಾಯಿತೆಂದು ಹುಡುಕುತ್ತಾ ಕಣ್ಣು ಸೋಲುತ್ತದೆ. ಒಳಗೆ ನಿಂತು ನೋಡಬೇಕು. ಪಡುವಣದ ಬಿಸಿಲು ಜಾಲಿಯಲ್ಲಿ ಹಾಯುವಾಗ ಮರ ಕಪ್ಪಾಗಿ, ಆಕಾಶ ಬೆಳ್ಳಗೆ ತೋರುತ್ತದೆ. ಹೊರಗಿನಿಂದ ನೋಡಿದರೆ ಇದೇ ಮರ ಹಳದಿ ಕಲ್ಲಿನ ಬಣ್ಣಕ್ಕೆ ಬಂದು, ಉಳಿ ಬಿಟ್ಟ ಅಂಚುಗಳು ಎದ್ದು ಕಾಣುತ್ತವೆ. ಬ್ರಿಟಿಷರ ಕಾಲದಲ್ಲಿ ಇದು ಸರ್ಕಾರಿ ಕಚೇರಿಯಾಗಿತ್ತು. ವೈಸ್‌ರಾಯ್ ಕರ್ಜನ್ ಅದನ್ನು ಖಾಲಿ ಮಾಡಿಸಿದ. ಈ ಜಾಲಿಯ ಗೆರೆಯನ್ನೇ ಅಹಮದಾಬಾದಿನ ಐಐಎಂ ತನ್ನ ಲಾಂಛನಕ್ಕೆ ತೆಗೆದುಕೊಂಡಿದೆ. ಹತ್ತಿರದಲ್ಲೇ ಲಕ್ಕಿ ಎಂಬ ಚಹಾದಂಗಡಿ ಇದೆ, ಹಳೆಯ ಗೋರಿಗಳ ನಡುವೆಯೇ ಮೇಜು ಹಾಕಿದ ಅಂಗಡಿ. ಗೋರಿಗಳಿಗೆ ದಿನವೂ ಹೂ ಇಡುತ್ತಾರೆ. ಎಂ. ಎಫ್. ಹುಸೇನ್ ಅವರು ಇಷ್ಟಪಟ್ಟು ಕೊಟ್ಟ ಚಿತ್ರವೊಂದು ಗೋಡೆಯ ಮೇಲಿದೆ. ಮಧ್ಯಾಹ್ನದ ಬಿಸಿಲಿಗೆ ಒಂದು ಕಪ್ ಚಹಾ, ಒಂದು ಮಸ್ಕಾ ಬನ್ ಇಲ್ಲಿ ಆಗಲೇಬೇಕು.

ಮೂರರ ಬಿಸಿಲಿಗೆ ಬಾವಿಗಳೇ ಸರಿ. ಗುಜರಾತಿನ ವಾವ್ ಎಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ನೆಲದಡಿಯ ಅರಮನೆ. ಅಸಾರವಾದ ದಾದಾ ಹರಿ ವಾವ್ ಅನ್ನು 1499ರ ಸುಮಾರಿಗೆ ಸುಲ್ತಾನ ಮಹಮೂದ್ ಬೇಗಡಾನ ಅಂತಃಪುರದ ಮೇಲ್ವಿಚಾರಕಿ ಬಾಯಿ ಹರೀರ್ ಕಟ್ಟಿಸಿದಳು. ಒಳಗೆ ಎರಡು ಶಾಸನಗಳಿವೆ, ಒಂದು ಅರಬ್ಬಿಯಲ್ಲಿ, ಇನ್ನೊಂದು ಸಂಸ್ಕೃತದಲ್ಲಿ. ಊರಿನ ಉತ್ತರಕ್ಕೆ 18 ಕಿಲೋಮೀಟರ್ ದೂರದ ಅಡಾಲಜ್‌ನ ವಾವ್ ಸರಿಸುಮಾರು ಅದೇ ವರ್ಷದ್ದು. ವಾಘೇಲಾ ಒಡೆಯ ವೀರಸಿಂಹನ ರಾಣಿ ರೂಡಾಬಾಯಿ ಗಂಡನ ನೆನಪಿಗೆ ಕಟ್ಟಿಸಿದಳೆಂದು ಪ್ರತೀತಿ. ಮೂರು ದಿಕ್ಕಿನ ಮೆಟ್ಟಿಲುಗಳು ಮೊದಲ ಅಂತಸ್ತಿನಲ್ಲಿ ಕೂಡಿ, ಅಲ್ಲಿಂದ ಒಂದೇ ಸಾಲಾಗಿ ಐದು ಅಂತಸ್ತು ಕೆಳಗಿಳಿಯುತ್ತವೆ. ಇಳಿದ ಹಾಗೆ ಬಿಸಿಲು ಹಿಂದೆ ಉಳಿದು ಮೈಗೆ ತಂಪು ತಾಗುತ್ತದೆ. ನೀರು ಹೊರಲು ಬಂದ ಹೆಂಗಸರು ಕೂತು ಸುಧಾರಿಸಿಕೊಳ್ಳಲು ಅಂತಸ್ತಿಗೊಂದು ಜಗಲಿ, ದಾರಿಹೋಕರಿಗೆ ಮಂಟಪ. ಗೋಡೆಯಲ್ಲಿ ಮಜ್ಜಿಗೆ ಕಡೆಯುವ ಹೆಂಗಸು, ಆನೆಗಳ ಸಾಲು, ನವಗ್ರಹ, ಕಲ್ಪವೃಕ್ಷ. ಅವುಗಳ ನಡುವಿನ ಗೂಡುಗಳಲ್ಲಿ ಮತ್ತೆ ಆ ಬಳ್ಳಿ, ಈ ಸಲ ನೀರಿನ ಹತ್ತಿರ. ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಮೆಟ್ಟಿಲಿಳಿದವರಿಗೆ ನೀರನ್ನು ಹೀಗೆ ದೇವರಂತೆ ಕಟ್ಟಿ ಕಾಪಾಡಿದ ಮನಸ್ಸು ಗೊತ್ತಿರುವಂಥದ್ದೇ. ಅಡಾಲಜ್ ಅದನ್ನು ಐದು ಅಂತಸ್ತಿಗೆ ಬೆಳೆಸಿದೆ.

ಅಡಾಲಜ್‌ನಿಂದ ಊರಿಗೆ ಮರಳುವ ದಾರಿಯಲ್ಲೇ ಸಾಬರಮತಿ ಆಶ್ರಮ ಬರುತ್ತದೆ. ಸಂಜೆ ಮುಚ್ಚುವ ಮೊದಲು ಮುಟ್ಟಬೇಕು. ಗಾಂಧೀಜಿ 1915ರ ಮೇ 25ರಂದು ಕೋಚರಬ್‌ನಲ್ಲಿ ಆಶ್ರಮ ತೆರೆದು, 1917ರಲ್ಲಿ ಈ ದಂಡೆಗೆ ಬಂದರು. 1930ರ ಮಾರ್ಚ್ 12ರಂದು ಇಲ್ಲಿಂದಲೇ 78 ಜನರೊಂದಿಗೆ ದಂಡಿಗೆ ಹೊರಟರು. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಇನ್ನೂ ಹುಡುಗ, ಆ ದಂಡಿನಲ್ಲಿದ್ದ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಗಾಂಧೀಜಿ ಇದ್ದ ಮನೆ ಹೃದಯಕುಂಜದ ಮುಂದೆ ನಿಂತ ಕನ್ನಡಿಗರು ಅವನ ಹೆಸರನ್ನು ಒಮ್ಮೆ ಹೇಳಿಕೊಳ್ಳಬೇಕು.

ದಿನವಿಡೀ ಕೆತ್ತನೆ ನೋಡಿದ ಕಣ್ಣಿಗೆ ಹೃದಯಕುಂಜ ಬರಿದೆನಿಸುತ್ತದೆ: ಹೆಂಚಿನ ಮಾಡು, ಬಿಳಿಯ ಗೋಡೆ, ಜಗಲಿ, ಒಂದು ಚರಕ, ಒಂದು ಇಳಿಮೇಜು. ಒಂದೇ ಒಂದು ಬಳ್ಳಿಯ ಸುತ್ತೂ ಇಲ್ಲ. ಪಕ್ಕದ ಸಂಗ್ರಹಾಲಯವನ್ನು ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದರು, 1963ರಲ್ಲಿ ತೆರೆಯಿತು. ಆರು ಮೀಟರು ಚೌಕದ ಕೋಣೆಗಳು, ಇಟ್ಟಿಗೆಯ ಕಂಬ, ಹೆಂಚಿನ ಮಾಡು, ಕಿಟಕಿಗೆ ಗಾಜಿನ ಬದಲು ಮರದ ಪಟ್ಟಿಗಳು, ನಡುವೆ ತೆರೆದ ಅಂಗಳದಲ್ಲಿ ನೀರು. ಕೆತ್ತನೆಯನ್ನು ಪೂರ್ತಿ ಬಿಟ್ಟರೂ ಪೋಳ್‌ನ ಅಂಗಳ, ಜಗಲಿ, ಹಾಯುವ ಗಾಳಿ ಎಲ್ಲವನ್ನೂ ಕೊರಿಯಾ ಉಳಿಸಿಕೊಂಡಿದ್ದಾರೆ. ಬೆಳಿಗ್ಗೆ ಪೋಳ್‌ನ ಮನೆಯೊಳಗೆ ಹೋಗಿಬಂದವರಿಗೆ ಈ ಕಟ್ಟಡ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಬಳ್ಳಿ ಬಟ್ಟೆಗೂ ಹಬ್ಬಿದೆ. ಗಾಂಧಿನಗರದ ಪಕ್ಕದ ಪೇಥಾಪುರದಲ್ಲಿ ತೇಗದ ಅಚ್ಚು ಕೆತ್ತುವ ಕುಟುಂಬಗಳಿವೆ. ಕಛ್‌ನ ಅಜರಖ್ ಮುದ್ರಕರೂ ಅಲ್ಲಿನ ಅಚ್ಚುಗಳನ್ನು ಬಳಸುತ್ತಾರೆ. ಅಹಮದಾಬಾದಿನಲ್ಲೇ ಕೆಲವು ಮನೆತನಗಳವರು ‘ಮಾತಾ ನಿ ಪಛೇಡಿ’ಯನ್ನು, ದೇವಿಯ ಗುಡಿಯನ್ನೇ ಬಟ್ಟೆಯ ಮೇಲೆ ಕೆಂಪು ಕಪ್ಪಿನಲ್ಲಿ ಬರೆದು ಅಚ್ಚು ಹಾಕುವ ಕಲೆಯನ್ನು, ಇಂದಿಗೂ ಮಾಡುತ್ತಾರೆ. ಇದರ ಜತೆಗೆ 1949ರಲ್ಲಿ ಸ್ಥಾಪನೆಯಾದ ಶಾಹಿಬಾಗಿನ ಕ್ಯಾಲಿಕೋ ಜವಳಿ ಸಂಗ್ರಹಾಲಯ, ಊರಿನ ಹೊರಗಿನ ಗೋರಿ, ಮಸೀದಿಗಳ ಸಂಕುಲ ಸರಖೇಜ್ ರೋಜಾ ಎರಡನ್ನೂ ಒಂದು ಹಗಲಿಗೆ ಸೇರಿಸುವುದು ಆಗದ ಮಾತು. ಕ್ಯಾಲಿಕೋಗೆ ಮುಂಚಿತವಾಗಿ ಹೆಸರು ಕೊಟ್ಟಿರಬೇಕು. ಸರಖೇಜ್‌ಗೆ ಒಂದು ಇಡೀ ಸಂಜೆ ಬೇಕು. ಅವನ್ನು ಮರುದಿನಕ್ಕೆ ಬಿಡುವುದೇ ಮೇಲು.

ಕತ್ತಲಾದ ಮೇಲೆ ಮಾಣೆಕ್ ಚೌಕ್‌ನ ಚಿನ್ನದಂಗಡಿಗಳು ಬಾಗಿಲು ಹಾಕುತ್ತವೆ, ಅದೇ ನೆಲದ ಮೇಲೆ ಒಲೆಗಳು ಹೊತ್ತುತ್ತವೆ. ಪಾವ್‌ಭಾಜಿ, ಬೆಣ್ಣೆಯಲ್ಲಿ ಮುಳುಗಿದ ದೋಸೆ, ಚೀಸು ತುರಿದು ಮುಚ್ಚಿದ ಸ್ಯಾಂಡ್‌ವಿಚ್, ಕುಲ್ಫಿ. ದೋಸೆ ನಮ್ಮ ದೋಸೆಯಲ್ಲ. ಆದರೂ ದಣಿದ ಕಾಲಿಗೆ, ಹಸಿದ ಹೊಟ್ಟೆಗೆ ರುಚಿಸುತ್ತದೆ. ಮಧ್ಯರಾತ್ರಿ ದಾಟಿದರೂ ಜನ ಕರಗುವುದಿಲ್ಲ. ರಾತ್ರಿಯೆಲ್ಲ ಇಲ್ಲಿ ದೀಪ, ಜನ ಇರುವುದರಿಂದ ಚಿನ್ನದ ವ್ಯಾಪಾರಿಗಳಿಗೆ ಬೇರೆ ಕಾವಲು ಬೇಕಿಲ್ಲ ಎಂದು ಊರಿನವರು ಹೇಳುತ್ತಾರೆ. ಬೆಳಗಿನ ಜಾವಕ್ಕೆ ಒಲೆಗಳು ಆರಿ, ನೆಲ ತೊಳೆದು, ದನಗಳಿಗೆ ಹುಲ್ಲು ತರುವವರಿಗೆ ಚೌಕ ತೆರವಾಗುತ್ತದೆ.